ಅಲ್ಯೂಮಿನಿಯಂ ಹದಕ್ಕೆ ಬಂದ ಬಗೆ

ವಿಮಾನದ ಒಡಲು ಕಟ್ಟುವ ಕಾರ್ಖಾನೆಗಳಲ್ಲಿ ಕೆಲವು ಬಗೆಯ ರಿವೆಟ್‌ಗಳನ್ನು ಡೀಪ್ ಫ್ರೀಜರ್‌ನಲ್ಲಿ ಇಟ್ಟಿರುತ್ತಾರೆ. 2024 ಎಂಬ ಸಂಖ್ಯೆಯ ಅಲ್ಯೂಮಿನಿಯಂ ಮಿಶ್ರಲೋಹದ ಈ ರಿವೆಟ್‌ಗಳನ್ನು ಕುಲುಮೆಯಲ್ಲಿ ಕಾಯಿಸಿ, ನೀರಿನಲ್ಲಿ ಅದ್ದಿದ ಕೂಡಲೇ ಶೈತ್ಯಕ್ಕೆ ಸೇರಿಸದಿದ್ದರೆ ಅವು ತಾವಾಗಿಯೇ ಗಡುಸಾಗತೊಡಗುತ್ತವೆ. ಹೊರತೆಗೆದ ಮೇಲೆ ಕೆಲಸಗಾರನಿಗೆ ಸಿಗುವುದು ಹತ್ತಿಪ್ಪತ್ತು ನಿಮಿಷ ಮಾತ್ರ. ಅಷ್ಟರೊಳಗೆ ತೂತಿಗೆ ಸೇರಿಸಿ ತಲೆ ಬಡಿಯಬೇಕು. ತಡವಾದರೆ ಬಡಿತಕ್ಕೆ ತಲೆಯ ಅಂಚು ಬಿರಿಯುತ್ತದೆ. ತಣ್ಣಗೆ ಕುಳಿತ ಲೋಹ ಕುಳಿತಲ್ಲೇ ಗಟ್ಟಿಯಾಗುವ ಈ ಗುಣ ತಿಳಿದುಬಂದು ನೂರು ವರ್ಷಕ್ಕಿಂತ ಸ್ವಲ್ಪ ಹೆಚ್ಚಾಗಿದೆ, ಅಷ್ಟೆ.

ಕರಗಿದ ಲೋಹವನ್ನು ಅಚ್ಚಿಗೆ ಎರಕ ಹೊಯ್ದು, ಬಂದ ಆಕಾರದಲ್ಲೇ ಬಳಸುವುದು ಒಂದು ದಾರಿ. ಎರಕದ ಗಟ್ಟಿಯನ್ನು ಉರುಳೆಗಳ ನಡುವೆ ಲಟ್ಟಿಸಿ ತಗಡು ಮಾಡುವುದು, ಚಕ್ಕುಲಿ ಒರಳಿನ ಹಾಗೆ ಬಿಲ್ಲೆಯ ಕಂಡಿಯಿಂದ ಒತ್ತಿ ಉದ್ದನೆಯ ಸೆಕ್ಷನ್ ತೆಗೆಯುವುದು, ಸುತ್ತಿಗೆಯಡಿ ಬಡಿದು ಫೋರ್ಜಿಂಗ್ ಮಾಡುವುದು, ಎಳೆದು ತಂತಿ ಮಾಡುವುದು ಇನ್ನೊಂದು ದಾರಿ. ಈ ಎರಡನೆಯ ದಾರಿಯಲ್ಲಿ ಎರಕದ ಒರಟು ಹರಳುಗಳು ಒಡೆದು, ಒಳಗಿನ ಗುಳ್ಳೆಗಳು ಮುಚ್ಚಿಕೊಂಡು, ಮರಕ್ಕೆ ನಾರಿರುವಂತೆ ಲೋಹಕ್ಕೂ ಒಂದು ನಾರು ಮೂಡುತ್ತದೆ. ಆದರೆ ಶುದ್ಧ ಅಲ್ಯೂಮಿನಿಯಂ ಇಷ್ಟರಿಂದಲೇ ಉಕ್ಕಿನ ಸಮಕ್ಕೆ ಬರುವಂಥದ್ದಲ್ಲ; ಮೆದುಗೊಳಿಸಿದ ಸ್ಥಿತಿಯಲ್ಲಿ ಅದು ಸುಮಾರು 90 ಮೆಗಾಪ್ಯಾಸ್ಕಲ್ (ಲೋಹದ ಬಲ ಅಳೆಯುವ ಮಾನ) ಎಳೆತಕ್ಕೇ ತುಂಡಾಗುತ್ತದೆ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಜರ್ಮನಿಯ ಸೇನೆಗೆ ಗುಂಡಿನ ತೋಟೆಗಳಲ್ಲಿ ಹಿತ್ತಾಳೆಯ ಬದಲು ಹಗುರವಾದ ಲೋಹವೊಂದು ಬೇಕಾಗಿತ್ತು. ಬರ್ಲಿನ್ ಹತ್ತಿರದ ನ್ಯೂಬಾಬೆಲ್ಸ್‌ಬರ್ಗ್‌ನ ಪ್ರಯೋಗಾಲಯದಲ್ಲಿ ಆ ಹುಡುಕಾಟದಲ್ಲಿದ್ದ ಆಲ್ಫ್ರೆಡ್ ವಿಲ್ಮ್, ಅಲ್ಯೂಮಿನಿಯಂಗೆ ಸುಮಾರು ಶೇ. 4ರಷ್ಟು ತಾಮ್ರವನ್ನೂ ಶೇ. 0.5ರಷ್ಟು ಮೆಗ್ನೀಸಿಯಂ ಅನ್ನೂ ಬೆರೆಸಿ, ಉಕ್ಕಿಗೆ ಮಾಡುವಂತೆಯೇ ಕಾಯಿಸಿ ನೀರಿನಲ್ಲಿ ಅದ್ದಿ ನೋಡಿದ. ಉಕ್ಕಾಗಿದ್ದರೆ ಅದ್ದಿದ ಕ್ಷಣವೇ ಗಡುಸಾಗಬೇಕಿತ್ತು; ಈ ಲೋಹ ಮೆತ್ತಗೇ ಇತ್ತು. ಒಂದು ಶನಿವಾರ ಮಧ್ಯಾಹ್ನ ಅರ್ಧಕ್ಕೆ ಬಿಟ್ಟ ಅಳತೆಯನ್ನು ವಾರದ ಬಿಡುವು ಕಳೆದು ಮುಂದುವರಿಸಿದಾಗ ಗಡುಸುತನ ಗಣನೀಯವಾಗಿ ಏರಿತ್ತೆಂಬ ಕಥೆ ಲೋಹವಿಜ್ಞಾನದವರಲ್ಲಿ ಪ್ರಸಿದ್ಧವಾಗಿದೆ. ಇದರ ಹಕ್ಕು ಪಡೆದ ಡ್ಯೂರೆನ್ ಊರಿನ ಕಾರ್ಖಾನೆ ತನ್ನ ಊರಿನ ಹೆಸರಿನ ನೆರಳು ಬೀಳುವಂತೆ 'ಡ್ಯೂರಾಲುಮಿನ್' ಎಂಬ ಹೆಸರಿಟ್ಟಿತು. ತೋಟೆಯ ವಿಷಯ ಹಿಂದೆ ಬಿತ್ತು. 1914ರಲ್ಲಿ ಜೆಪ್ಲಿನ್ ವಾಯುನೌಕೆಯ ಅಸ್ಥಿಪಂಜರ ಈ ಲೋಹದಲ್ಲಿ ಸಿದ್ಧವಾಯಿತು. ವಿಲ್ಮ್ ಮಾತ್ರ ಕೆಲವೇ ವರ್ಷಗಳಲ್ಲಿ ಪ್ರಯೋಗಾಲಯ ಬಿಟ್ಟು ಬೇಸಾಯಕ್ಕೆ ಇಳಿದ.

ಹೀಗೇಕೆ ಆಗುತ್ತದೆ ಎಂಬುದು ಆಗ ಯಾರಿಗೂ ಸ್ಪಷ್ಟವಿರಲಿಲ್ಲ. ಬಿಸಿಯಲ್ಲಿ ಅಲ್ಯೂಮಿನಿಯಂನೊಳಗೆ ಕರಗಿದ ತಾಮ್ರ, ತಟ್ಟನೆ ತಣಿಸಿದಾಗ ಹೊರಬರಲು ಪುರುಸೊತ್ತಿಲ್ಲದೆ ಒಳಗೇ ಸಿಕ್ಕಿಕೊಳ್ಳುತ್ತದೆ. ಆಮೇಲೆ ನಿಧಾನವಾಗಿ ಅಲ್ಲಲ್ಲಿ ಗುಂಪುಗೂಡಿ, ಹರಳಿನ ಪದರಗಳು ಒಂದರ ಮೇಲೊಂದು ಜಾರದಂತೆ ತಡೆಯುತ್ತದೆ. ಈ ವಿವರಣೆಯ ಮೊದಲ ರೂಪವನ್ನು 1919ರಲ್ಲಿ ಅಮೆರಿಕದ ಮೆರಿಕಾ ಮತ್ತು ಸಂಗಡಿಗರು ಕೊಟ್ಟರು. ಆ ಸೂಕ್ಷ್ಮ ಗುಂಪುಗಳ ಸುಳಿವನ್ನು ಫ್ರಾನ್ಸಿನ ಗಿನಿಯೆ ಮತ್ತು ಇಂಗ್ಲೆಂಡಿನ ಪ್ರೆಸ್ಟನ್ 1938ರಲ್ಲಿ ಎಕ್ಸ್-ಕಿರಣಗಳ ಮೂಲಕ ಬೇರೆಬೇರೆಯಾಗಿಯೇ ಕಂಡುಕೊಂಡರು. ರೈಟ್ ಸಹೋದರರ 1903ರ ಎಂಜಿನ್ನಿನ ತಾಮ್ರ ಬೆರೆತ ಎರಕದಲ್ಲೂ ಇಂಥವೇ ಕಣಗಳಿವೆ ಎಂದು 1990ರ ದಶಕದಲ್ಲಿ ಗೊತ್ತಾದದ್ದು ಇದರ ಉಪಕಥೆ.

ತಾಮ್ರ ತಂದ ಬಲದ ಬೆನ್ನಿಗೇ ತೊಡಕೂ ಬಂತು. ತೇವ ಮತ್ತು ಉಪ್ಪುಗಾಳಿ ತಗುಲಿದರೆ ಡ್ಯೂರಾಲುಮಿನ್ ಹರಳುಗಳ ಸಂದುಗಳಲ್ಲಿ ಸವೆಯುತ್ತಿತ್ತು. ಹೊರಗೆ ಹೆಚ್ಚೇನೂ ಕಾಣದ ತಗಡು ಒಳಗೆ ಪುಡಿಯಾಗಿರುತ್ತಿತ್ತು. ತಗಡಿನ ಎರಡೂ ಮುಖಗಳಿಗೆ ಶುದ್ಧ ಅಲ್ಯೂಮಿನಿಯಂನ ತೆಳು ಪದರ ಸೇರಿಸಿ ಲಟ್ಟಿಸುವ 'ಆಲ್ಕ್ಲ್ಯಾಡ್' ಎಂಬ ಉಪಾಯ 1920ರ ದಶಕದ ಕೊನೆಗೆ ಅಮೆರಿಕದ ಅಲ್ಕೋವಾ ಕಂಪನಿಯಿಂದ ಬಂತು. ಮೇಲಿನ ಪದರ ತಾನು ಸವೆದು ಒಳಗಿನದನ್ನು ಕಾಯುತ್ತದೆ. 1930ರ ದಶಕದಲ್ಲಿ ಬಂದ 2024 ತಗಡು ಇಂದಿಗೂ ವಿಮಾನಗಳ ಹೊದಿಕೆಯಾಗಿ ಉಳಿದಿರುವುದರಲ್ಲಿ ಈ ಉಪಾಯದ ಪಾಲು ದೊಡ್ಡದೆಂದು ನನಗೆ ತೋರುತ್ತದೆ.

ಇದೇ ಪಾಠವನ್ನು ಸತುವಿನೊಂದಿಗೆ ಮತ್ತೊಮ್ಮೆ ಕಲಿಯಬೇಕಾಯಿತು. ಜಪಾನಿನ ಸುಮಿಟೊಮೊ 1936ರಲ್ಲಿ ಸತು ಹೆಚ್ಚಿರುವ ಮಿಶ್ರಲೋಹವೊಂದನ್ನು ರೂಪಿಸಿ, ಅದು ಜೀರೋ ಯುದ್ಧವಿಮಾನದ ರೆಕ್ಕೆಯ ತೊಲೆಯಾಯಿತು. 1943ರಲ್ಲಿ ಅಲ್ಕೋವಾದಿಂದ ಇಂದಿನ 7075 ಬಂತು. ನೀರಿನಲ್ಲಿ ಅದ್ದಿದ ಮೇಲೆ ಮತ್ತೆ ಹದವಾಗಿ ಕಾಯಿಸಿ ಗಡುಸು ಮಾಡುವ ಟಿ6 ಎಂಬ ಹದದಲ್ಲಿ ಇದರ ಬಲ ಸುಮಾರು 570 ಮೆಗಾಪ್ಯಾಸ್ಕಲ್. ಆದರೆ ದಪ್ಪ ಫೋರ್ಜಿಂಗ್‌ಗಳಲ್ಲಿ ನಾರಿಗೆ ಅಡ್ಡಲಾಗಿ ಸದಾ ಎಳೆತವಿದ್ದು ತೇವವೂ ಸೇರಿದರೆ ಬಿರುಕು ಏಳುತ್ತಿತ್ತು. 1960ರ ದಶಕದಲ್ಲಿ ಇದಕ್ಕೆ ಕಂಡ ಮದ್ದೆಂದರೆ ಬೇಕೆಂದೇ ಹದ ಮೀರಿಸಿ ಬೇಯಿಸುವುದು. ಟಿ73 ಎಂಬ ಆ ಹದದಲ್ಲಿ ಬಲ ಶೇ. 10ರಿಂದ 15ರಷ್ಟು ತಗ್ಗುತ್ತದೆ, ಬಿರುಕಿನ ಭಯವೂ ತಗ್ಗುತ್ತದೆ. ಗರಿಷ್ಠ ಬಲವನ್ನು ತಿಳಿದೂ ತಿಳಿದೂ ಬಿಟ್ಟುಕೊಟ್ಟ ಈ ತೀರ್ಮಾನವೇ ಇಡೀ ಇತಿಹಾಸದಲ್ಲಿ ಅತ್ಯಂತ ಪ್ರೌಢವಾದದ್ದೆನ್ನಬೇಕು.

1954ರಲ್ಲಿ ಬಂದ ನಾಲ್ಕಂಕಿಯ ಪದ್ಧತಿಯಲ್ಲಿ ಸಂಖ್ಯೆ ಬೆರಕೆಯನ್ನು ಹೇಳಿದರೆ, ಅದರ ನಂತರ ಬರುವ ಅಕ್ಷರ ಹದವನ್ನು ಹೇಳುತ್ತದೆ. ಮೆದುವಾದ 2024ಕ್ಕೆ ಸುಮಾರು 185, ಟಿ3 ಹದದ 2024ಕ್ಕೆ ಸುಮಾರು 480 ಮೆಗಾಪ್ಯಾಸ್ಕಲ್ ಬಲವಿರುವುದರಿಂದ, ಸಂಖ್ಯೆಯೊಂದನ್ನೇ ಓದಿ ಲೋಹ ಕೊಂಡವರು ಅರ್ಧ ಮಾತ್ರ ಓದಿದಂತೆ.

ಕರ್ನಾಟಕಕ್ಕೆ ಈ ಲೋಹಗಳ ಪರಿಚಯ ಹತ್ತಿರದಿಂದ ಆದದ್ದು 1940ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಆರಂಭವಾದಾಗ. ಮರುವರ್ಷವೇ ಅಲ್ಲಿ ಹಾರ್ಲೋ ಎಂಬ ಪೂರ್ಣ ಲೋಹದ ತರಬೇತಿ ವಿಮಾನ ಸಿದ್ಧವಾಯಿತು. ಆಮೇಲೆ 1951ರಲ್ಲಿ ಎಚ್‌ಟಿ-2 ತರಬೇತಿ ವಿಮಾನ, 1961ರಲ್ಲಿ ಮಾರುತ್ ಯುದ್ಧವಿಮಾನ ಹಾರಿದವು. ತೇಜಸ್‌ನಲ್ಲಿ ಕಾರ್ಬನ್ ನಾರಿನ ಪಾಲು ದೊಡ್ಡದಾದರೂ ಲಿಥಿಯಂ ಬೆರೆತ ಅಲ್ಯೂಮಿನಿಯಂಗೂ ಜಾಗವಿದೆ.

ಮನೆಗಳಿಗೆ ಬಂದದ್ದು ಮಾತ್ರ ಮೆಗ್ನೀಸಿಯಂ, ಸಿಲಿಕಾನ್ ಬೆರೆತ 6063. ಜಾರುಕಿಟಕಿಯ ಚೌಕಟ್ಟುಗಳಿಗೆ ಸಾಮಾನ್ಯವಾಗಿ ಬಳಕೆಯಾಗುವುದು ಇದರ ಸೆಕ್ಷನ್‌ಗಳೇ. ಒತ್ತಿ ತೆಗೆದ ಸೆಕ್ಷನ್ನನ್ನು 180 ಡಿಗ್ರಿಯ ಆಸುಪಾಸಿನಲ್ಲಿ ಕೆಲವು ಗಂಟೆ ಕಾಯಿಸುವ ಹಂತವನ್ನು ತಪ್ಪಿಸಿದರೂ ಹೊಳಪು, ದಪ್ಪ, ತೂಕ ಯಾವುದೂ ಬದಲಾಗುವುದಿಲ್ಲ. ಚೌಕಟ್ಟು ಬೇಗ ಬಾಗುತ್ತದೆ, ಅಷ್ಟೆ. ಅಂಗಡಿಯಲ್ಲಿ ಬಣ್ಣವನ್ನೂ ಕಿಲೋ ದರವನ್ನೂ ಕೇಳುವವರನ್ನು ಬೇಕಾದಷ್ಟು ಕಂಡಿದ್ದೇನೆ. ಟಿ5 ಹದವೇ, ಟಿ6 ಹದವೇ ಎಂದು ಕೇಳಿದವರನ್ನು ಇನ್ನೂ ಕಂಡಿಲ್ಲ.