ಬಿಪಿ ಮಾತ್ರೆ ಬಿಟ್ಟಿದ್ದರೆ ಹೇಳಿಬಿಡಿ

"ಮಾತ್ರೆ ದಿನಾ ತಗೊಳ್ತಿದ್ದೀರಾ?" ಅಂತ ಕೇಳಿದರೆ "ಹ್ಞೂಂ ಡಾಕ್ಟ್ರೇ, ಒಂದಿನಾನೂ ತಪ್ಪಿಸಿಲ್ಲ" ಅನ್ನುವವರೇ ನಮ್ಮ ದಾವಣಗೆರೆಯಲ್ಲಿ ಜಾಸ್ತಿ. ಪಕ್ಕದಲ್ಲಿ ಕೂತ ಹೆಂಡತಿಯ ಮುಖ ಬೇರೆಯೇ ಹೇಳುತ್ತಿರುತ್ತದೆ. ಬೈತಾರೆ ಅನ್ನೋ ಭಯ, ಅಷ್ಟೇ ಅಲ್ವಾ?

ಆದರೆ ನಿಮ್ಮ ಆ ಒಂದು "ಹ್ಞೂಂ" ನಂಬಿಯೇ ನಾವು ಮುಂದಿನ ಚೀಟಿ ಬರೆಯುವುದು. ಮಾತ್ರೆ ನುಂಗಿಯೂ ಬಿಪಿ 160 ಇದೆ ಅಂದರೆ ಡೋಸ್ ಏರಿಸುತ್ತೇವೆ, ಇಲ್ಲವೇ ಇನ್ನೊಂದು ಸೇರಿಸುತ್ತೇವೆ. ಆಮೇಲೆ ನೀವು ಹೆದರಿ ಎಲ್ಲವನ್ನೂ ಒಟ್ಟಿಗೆ ಶುರು ಮಾಡಿದರೆ ಬಿಪಿ ತೀರಾ ಇಳಿದು, ಎದ್ದು ನಿಂತಾಗ ತಲೆ ತಿರುಗಿ ಬೀಳಬಹುದು.

ಯಾಕೆ ಬಿಟ್ಟಿರಿ ಅಂತ ಹೇಳಿದರೆ ದಾರಿ ಸಿಗುತ್ತದೆ. ಆಮ್ಲೋಡಿಪಿನ್‌ನಿಂದ ಕೆಲವರಿಗೆ ಪಾದ ಊದುತ್ತದೆ. ಎನಾಲಪ್ರಿಲ್, ರಾಮಿಪ್ರಿಲ್ ಕೆಲವರಿಗೆ ಒಣ ಕೆಮ್ಮು ತರುತ್ತವೆ. ಅದು ಮಾತ್ರೆಯದ್ದು ಅಂತ ಗೊತ್ತಾಗದೆ ಸಿರಪ್ ಮೇಲೆ ಸಿರಪ್ ಕುಡಿಯುವವರಿದ್ದಾರೆ. ಬೇರೆ ಗುಂಪಿನ ಮಾತ್ರೆ ಕೊಟ್ಟರೆ ಕೆಮ್ಮು ಸಾಮಾನ್ಯವಾಗಿ ನಿಲ್ಲುತ್ತದೆ. ದುಡ್ಡಿನ ತೊಂದರೆ ಇದ್ದರೂ ನಾಚಿಕೆ ಬೇಡ. ಜನೌಷಧಿ ಅಂಗಡಿಯಲ್ಲಿ ಇವೇ ಔಷಧಿ ಕಮ್ಮಿ ಬೆಲೆಗೆ ಸಿಗುತ್ತವೆ. ಇನ್ನು "ನಾರ್ಮಲ್ ಬಂತು, ಅದಕ್ಕೇ ಬಿಟ್ಟೆ" ಅನ್ನುವವರಿಗೆ ಒಂದೇ ಮಾತು: ನಾರ್ಮಲ್ ಬಂದಿದ್ದೇ ಮಾತ್ರೆಯಿಂದ.

ಮಂಡಿನೋವಿಗೆ ಮೆಡಿಕಲ್ ಶಾಪಿನಿಂದ ತಂದು ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಯಾರ ಲೆಕ್ಕಕ್ಕೂ ಬರುವುದಿಲ್ಲ. ಅವು ಬಿಪಿ ಏರಿಸುತ್ತವೆ, ಕಿಡ್ನಿಗೂ ಪೆಟ್ಟು ಕೊಡಬಹುದು. ಮರೆಯದೆ ಹೇಳಿ.

ಉಪ್ಪಿನದ್ದೂ ಇದೇ ಕಥೆ. "ಸಾರಿಗೆ ಉಪ್ಪು ಕಮ್ಮಿ ಮಾಡಿದ್ದೀವಿ" ಅನ್ನುತ್ತಾರೆ. ಉಪ್ಪಿನಕಾಯಿ, ಹಪ್ಪಳ, ಸಂಜೆಯ ಮಂಡಕ್ಕಿ–ಮೆಣಸಿನಕಾಯಿ ಎಲ್ಲಿ ಹೋದವು? ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚದೊಳಗೆ ಎಲ್ಲವೂ ಸೇರಬೇಕು. ಬೆಣ್ಣೆದೋಸೆ ಬಿಡಿ ಅಂತ ಹೇಳಿ ಈ ಊರಲ್ಲಿ ಡಾಕ್ಟರಿಕೆ ಮಾಡೋಕಾಗುತ್ತಾ? ದಿನಾ ಬೇಡ ಅನ್ನುತ್ತೇನೆ ಅಷ್ಟೇ. ಸೋಡಿಯಂ ಕಮ್ಮಿ ಇರುವ ಉಪ್ಪಿನ ಪ್ಯಾಕೆಟ್ ಮಾತ್ರ ಕೇಳದೆ ತರಬೇಡಿ. ಅದರಲ್ಲಿ ಪೊಟ್ಯಾಷಿಯಂ ಇರುತ್ತದೆ. ಕಿಡ್ನಿ ತೊಂದರೆ ಇರುವವರಿಗೆ, ಟೆಲ್ಮಿಸಾರ್ಟನ್‌ನಂಥ ಮಾತ್ರೆ ನುಂಗುವವರಿಗೆ ಅಪಾಯವಾಗಬಹುದು.

ಮನೆಯಲ್ಲಿ ಮಷೀನ್ ಇದ್ದರೆ ಒಂದು ವಾರ ಬೆಳಿಗ್ಗೆ, ಸಂಜೆ ನೋಡಿ ಬರೆದು ತನ್ನಿ. ಮೊದಲು 5 ನಿಮಿಷ ಸುಮ್ನೆ ಕೂತಿರಿ. ಬೆನ್ನಿಗೆ ಆಸರೆ ಇರಲಿ, ಪಾದ ನೆಲದ ಮೇಲಿರಲಿ, ತೋಳು ಎದೆಯ ಮಟ್ಟಕ್ಕಿರಲಿ. ಅರ್ಧ ಗಂಟೆ ಮುಂಚೆ ಕಾಫಿ, ಬೀಡಿ ಬೇಡ. ಮನೆಯ ಸರಾಸರಿ 135/85 ಮುಟ್ಟಿದರೆ ಜಾಸ್ತಿಯೇ. ಚೆನ್ನಾಗಿ ಬಂದದ್ದನ್ನಷ್ಟೇ ಆರಿಸಿ ಬರೆಯಬೇಡಿ.

180/120 ದಾಟಿದರೆ 5 ನಿಮಿಷ ಬಿಟ್ಟು ಮತ್ತೆ ನೋಡಿ. ಆಗಲೂ ಹಾಗೇ ಇದ್ದರೆ ಅವತ್ತೇ ಡಾಕ್ಟರಿಗೆ ಫೋನ್ ಮಾಡಿ. ಜೊತೆಗೆ ಎದೆನೋವು, ಉಬ್ಬಸ, ಮಾತು ತೊದಲುವುದು, ಕೈಕಾಲು ಸೋಲುವುದು ಇದ್ದರೆ ಕಾಯಬೇಡಿ, 108ಕ್ಕೆ ಕರೆ ಮಾಡಿ.