ಅಮಾವಾಸ್ಯೆಯಲ್ಲಿ ಹುಟ್ಟಿದ ಮಗು ಮತ್ತು ಸೂರ್ಯ-ಚಂದ್ರರ ಕೋನ

"ಮಗು ಅಮಾವಾಸ್ಯೆ ದಿನ ಹುಟ್ಟಿದೆ, ಶಾಂತಿ ಮಾಡಿಸಬೇಕು." ಈ ಮಾತು ನಮ್ಮ ಎಷ್ಟೋ ಮನೆಗಳಲ್ಲಿ ಇವತ್ತಿಗೂ ಕೇಳಿಬರುತ್ತದೆ. ಬಾಣಂತಿ ಆಸ್ಪತ್ರೆಯಿಂದ ಮನೆಗೆ ಬರುವ ಮೊದಲೇ ಹಿರಿಯರು ಪಂಚಾಂಗ ತೆರೆದಿರುತ್ತಾರೆ. ಈ ಭಯದ ಹಿಂದಿರುವುದು ಒಂದು ಕೋನ. ಮಗು ಹುಟ್ಟಿದ ಹೊತ್ತಿಗೆ ಆಕಾಶದಲ್ಲಿ ಸೂರ್ಯನಿಂದ ಚಂದ್ರ ಎಷ್ಟು ದೂರ ಇದ್ದ ಅನ್ನುವ ಲೆಕ್ಕ.

ಆ ಲೆಕ್ಕ ನಿಜಕ್ಕೂ ಸೊಗಸಾಗಿದೆ. ಚಂದ್ರ ಸೂರ್ಯನಿಂದ 12 ಡಿಗ್ರಿ ಮುಂದೆ ಹೋದರೆ ಒಂದು ತಿಥಿ ಮುಗಿಯಿತು. ಪೂರ್ತಿ 360 ಡಿಗ್ರಿಗೆ 30 ತಿಥಿ. ಇಬ್ಬರೂ ಒಂದೇ ಕಡೆ ಬಂದರೆ ಅಮಾವಾಸ್ಯೆ, ಎದುರುಬದುರಾದರೆ ಹುಣ್ಣಿಮೆ. ಶುಕ್ಲ ಪಕ್ಷದ ಅಷ್ಟಮಿಯ ಸಂಜೆ ಹೊರಗೆ ಬಂದು ನೋಡಿ. ಸೂರ್ಯ ಮುಳುಗುವಾಗ ಅರ್ಧ ಚಂದ್ರ ಹೆಚ್ಚುಕಡಿಮೆ ನೆತ್ತಿಯ ಮೇಲಿರುತ್ತಾನೆ. ಕೋನ ಸುಮಾರು 90 ಡಿಗ್ರಿ ಅಂತ ಕಣ್ಣಿಗೇ ಗೊತ್ತಾಗುತ್ತದೆ. ಚಂದ್ರನ ದಾರಿ ಪೂರ್ತಿ ದುಂಡಗಿಲ್ಲ. ಭೂಮಿಗೆ ಹತ್ತಿರ ಬಂದಾಗ ಅವನು ಬೇಗ ಓಡುತ್ತಾನೆ, ದೂರ ಹೋದಾಗ ನಿಧಾನ. ಹಾಗಾಗಿ ಒಂದು ತಿಥಿ ಸುಮಾರು 20 ಗಂಟೆಗೇ ಮುಗಿದರೆ ಇನ್ನೊಂದು 26 ಗಂಟೆ ದಾಟುತ್ತದೆ. ಎರಡು ಸೂರ್ಯೋದಯಗಳ ನಡುವೆಯೇ ಶುರುವಾಗಿ ಮುಗಿದುಹೋಗುವ ಚಿಕ್ಕ ತಿಥಿಯೇ ಕ್ಷಯ ತಿಥಿ. ಇಲ್ಲಿಯವರೆಗೆ ಇದು ಶುದ್ಧ ಖಗೋಳ ವಿಜ್ಞಾನ.

ಫಲ ಹೇಳಲು ಹೊರಟಾಗ ದಾರಿ ಬೇರೆಯಾಗುತ್ತದೆ. 6ನೇ ಶತಮಾನದ ವರಾಹಮಿಹಿರನ 'ಬೃಹಜ್ಜಾತಕ'ದಲ್ಲಿ ಸೂರ್ಯ ಆತ್ಮ, ಚಂದ್ರ ಮನಸ್ಸು. ಸೂರ್ಯನಿಂದ ದೂರವಾದಷ್ಟೂ ಚಂದ್ರನಿಗೆ ಪಕ್ಷಬಲ ಜಾಸ್ತಿ. ಅಮಾವಾಸ್ಯೆಯ ಹತ್ತಿರ ಸವೆದ ಕ್ಷೀಣಚಂದ್ರನನ್ನು ಶನಿ, ಕುಜರ ಜೊತೆ ಪಾಪಗ್ರಹಗಳ ಸಾಲಿಗೇ ಸೇರಿಸುತ್ತಾರೆ. ಹಾಗಾಗಿ ಅಮಾವಾಸ್ಯೆಯಲ್ಲಿ ಹುಟ್ಟಿದವರ ಮನಸ್ಸು ದುರ್ಬಲ, ಹುಣ್ಣಿಮೆಯವರದು ಗಟ್ಟಿ ಅನ್ನುವ ಓದು ಬಂತು.

ಈಗ ಪಾಶ್ಚಾತ್ಯ ಜ್ಯೋತಿಷ್ಯ ನೋಡಿ. ಅಲ್ಲಿ ಸೂರ್ಯ ಅಂದರೆ ವ್ಯಕ್ತಿಯ ಇಚ್ಛೆ, ಚಂದ್ರ ಅಂದರೆ ಭಾವನೆ. ಇಬ್ಬರ ನಡುವೆ 120 ಡಿಗ್ರಿ ಇದ್ದರೆ ಹೊಂದಾಣಿಕೆ. 180 ಇದ್ದರೆ ಒಳಗೇ ಎಳೆದಾಟ. ಅಂದರೆ ನಮ್ಮಲ್ಲಿ ಪೂರ್ಣ ಬಲ ಕೊಡುವ ಹುಣ್ಣಿಮೆಯೇ ಅಲ್ಲಿ ಗೊಂದಲದ ಗುರುತು! ಆಕಾಶ ಒಂದೇ, ಕೋನ ಒಂದೇ, ಫಲ ಮಾತ್ರ ಬೇರೆ ಬೇರೆ. ಆ ಅರ್ಥವನ್ನು ಆಕಾಶ ಕೊಟ್ಟಿಲ್ಲ, ಜನ ಕೊಟ್ಟರು ಅಂತ ನನಗೆ ಅನ್ನಿಸುವುದು ಇಲ್ಲೇ.

ಇದನ್ನು ಪರೀಕ್ಷಿಸಿ ನೋಡಿದವರೂ ಇದ್ದಾರೆ. ಗಂಡ ಹೆಂಡತಿಯ ಜಾತಕಗಳಲ್ಲಿ ಸೂರ್ಯ ಚಂದ್ರರು ಹೊಂದಿಕೊಂಡಿದ್ದರೆ ಮದುವೆ ಬಾಳುತ್ತದೆ ಅಂತ 2ನೇ ಶತಮಾನದಲ್ಲೇ ಅಲೆಕ್ಸಾಂಡ್ರಿಯಾದ ಟಾಲೆಮಿ ಬರೆದಿದ್ದ. ಸ್ವಿಟ್ಜರ್‌ಲೆಂಡಿನ ಮನೋವಿಜ್ಞಾನಿ ಕಾರ್ಲ್ ಯೂಂಗ್ ಇದನ್ನು ಎಣಿಸಿಯೇ ನೋಡಿದರು. 1952ರಲ್ಲಿ ಫಲಿತಾಂಶ ಪ್ರಕಟವಾಯಿತು. ಮೊದಲ 180 ಜೋಡಿಗಳಲ್ಲಿ ಹೆಂಡತಿಯ ಚಂದ್ರ ಗಂಡನ ಸೂರ್ಯನ ಜೊತೆ ಕೂಡಿದ ಜಾತಕಗಳು ಶೇ. 10ರಷ್ಟಿದ್ದವು, ಉಳಿದ ಎಲ್ಲ ಸಂಬಂಧಗಳಿಗಿಂತ ಜಾಸ್ತಿ. ಟಾಲೆಮಿ ಗೆದ್ದ ಅನ್ನಿಸುತ್ತದೆ ಅಲ್ವಾ? ಮುಂದಿನ 220 ಜೋಡಿಗಳಲ್ಲಿ ಅದು ಹಿಂದೆ ಬಿತ್ತು, ಚಂದ್ರ-ಚಂದ್ರರ ಕೂಟ ಮೊದಲು ಬಂತು. ಕೊನೆಯ 83 ಜೋಡಿಗಳಲ್ಲಿ ಚಂದ್ರ-ಲಗ್ನ (ಇಲ್ಲಿ ಲಗ್ನ ಅಂದರೆ ಮದುವೆ ಅಲ್ಲ, ಹುಟ್ಟಿದ ಹೊತ್ತಿಗೆ ಪೂರ್ವದಲ್ಲಿ ಏಳುತ್ತಿದ್ದ ರಾಶಿ). ಎಲ್ಲ ಸೇರಿಸಿದಾಗ ಸುಮ್ನೆ ಆಕಸ್ಮಿಕವಾಗಿ ಬರಬಹುದಾದ ಮಟ್ಟಕ್ಕೆ ಸಂಖ್ಯೆ ಇಳಿಯಿತು. ಚಿಕ್ಕ ಗುಂಪಿನಲ್ಲಿ ಹೀಗೆ ಏನಾದರೊಂದು ಎದ್ದು ಕಾಣುವುದು ಸಹಜ. ಗುಂಪು ದೊಡ್ಡದಾದಂತೆ ಅದು ಕರಗುತ್ತದೆ.

ನಮ್ಮ ದೇಶದಲ್ಲಿ ಖಭೌತ ವಿಜ್ಞಾನಿ ಜಯಂತ ನಾರ್ಲೀಕರ್ ಮತ್ತು ಸಂಗಡಿಗರು ಮಹಾರಾಷ್ಟ್ರದಲ್ಲಿ ಒಂದು ಪರೀಕ್ಷೆ ನಡೆಸಿದರು. 100 ಜಾಣ ಮಕ್ಕಳ ಜಾತಕ, ಬುದ್ಧಿ ಬೆಳವಣಿಗೆ ಕುಂಠಿತವಾದ 100 ಮಕ್ಕಳ ಜಾತಕ. ಯಾವುದು ಯಾರದು ಹೇಳಿ ಅಂದರು. ತಲಾ 40 ಜಾತಕ ನೋಡಿ ಉತ್ತರ ಕಳಿಸಿದ ಜ್ಯೋತಿಷಿಗಳು 27. ಸರಿಯಾದ ಉತ್ತರ ಸರಾಸರಿ ಶೇ. 46. ನಾಣ್ಯ ಚಿಮ್ಮಿದ್ದರೂ ಸುಮಾರು ಅರ್ಧ ಸರಿಯಾಗುತ್ತಿತ್ತು. ಚಂದ್ರನ ಬಲ ಮನಸ್ಸನ್ನು ಹೇಳುತ್ತದೆ ಅನ್ನುವುದಾದರೆ ಇಲ್ಲಿ ಕಾಣಬೇಕಿತ್ತು.

"ಸಮುದ್ರದಲ್ಲೇ ಉಬ್ಬರ ಎಬ್ಬಿಸುವ ಚಂದ್ರ ಮನುಷ್ಯನನ್ನು ಬಿಡುತ್ತಾನಾ?" ಅಂತ ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಉಬ್ಬರ ಏಳುವುದು ಭೂಮಿಯ ಹತ್ತಿರದ ಬದಿಗೂ ದೂರದ ಬದಿಗೂ ಚಂದ್ರನ ಸೆಳೆತದಲ್ಲಿ ವ್ಯತ್ಯಾಸ ಇರುವುದರಿಂದ. ಆ ಎರಡು ಬದಿಗಳ ನಡುವೆ 12,700 ಕಿಲೋಮೀಟರಿಗೂ ಜಾಸ್ತಿ ಅಂತರವಿದೆ. ಅರ್ಧ ಮೀಟರ್ ಉದ್ದದ ಮಗುವಿನಲ್ಲಿ ಈ ವ್ಯತ್ಯಾಸ ಇಲ್ಲವೆನ್ನುವಷ್ಟು ಕಡಿಮೆ. ಇನ್ನೊಂದು ಮಾತು. ಮಲ್ಪೆ, ಕಾರವಾರದ ಮೀನುಗಾರರನ್ನು ಕೇಳಿ ನೋಡಿ. ದೊಡ್ಡ ಉಬ್ಬರ ಬರುವುದು ಹುಣ್ಣಿಮೆಗೂ ಹೌದು, ಅಮಾವಾಸ್ಯೆಗೂ ಹೌದು. ಎರಡೂ ದಿನ ಸೂರ್ಯ, ಚಂದ್ರ, ಭೂಮಿ ಹೆಚ್ಚುಕಡಿಮೆ ಒಂದೇ ಸಾಲಿನಲ್ಲಿರುತ್ತವೆ, ಸೂರ್ಯನ ಸೆಳೆತ ಚಂದ್ರನದಕ್ಕೆ ಕೂಡಿಕೊಳ್ಳುತ್ತದೆ. ಜಾತಕ ಒಂದನ್ನು ಬಲ, ಇನ್ನೊಂದನ್ನು ದೋಷ ಅನ್ನುತ್ತದೆ. ಸಮುದ್ರ ಹಾಗೆ ಭೇದ ಮಾಡುವುದಿಲ್ಲ.