ಹುಲ್ಲು ಒಡ್ಡುವ ಬಲೆ

ಹಸು ಸಾಕುವವರಿಗೆ ನೇಪಿಯರ್ ಹುಲ್ಲನ್ನು ಪರಿಚಯಿಸಬೇಕಿಲ್ಲ. ಆಳೆತ್ತರ ಬೆಳೆಯುತ್ತದೆ, ಕೊಯ್ದಷ್ಟೂ ಚಿಗುರುತ್ತದೆ. ಇದರ ತವರು ಆಫ್ರಿಕಾ. ಇನ್ನು ಜೋಳ, ಮೆಕ್ಕೆಜೋಳದ ಕಾಂಡ ಕೊರೆಯುವ ಹುಳು ಗೊತ್ತಲ್ವಾ? ಸುಳಿ ಒಣಗಿಸಿ ರೈತರನ್ನು ಗೋಳಾಡಿಸುವ ಆ ಹುಳು ಬೆಳೆದು ಪತಂಗವಾಗುತ್ತದೆ. ಒಣಹುಲ್ಲಿನ ಬಣ್ಣದ ಈ ಪುಟ್ಟ ಪತಂಗದ ಹೆಸರು ಕೈಲೊ ಪಾರ್ಟೆಲ್ಲಸ್. ತವರು ನಮ್ಮ ಏಷ್ಯಾ. ಆಫ್ರಿಕಾದ ಹುಲ್ಲು ನಮ್ಮ ಕೊಟ್ಟಿಗೆಗೆ ಬಂತು. ನಮ್ಮ ಕಡೆಯ ಪತಂಗ 1930ರ ಹೊತ್ತಿಗೆ ಆಫ್ರಿಕಾದ ಹೊಲ ಸೇರಿತು.

ಹುಲ್ಲು ವರ್ಷಗಟ್ಟಲೆ ನಿಂತಲ್ಲೇ ಬದುಕುತ್ತದೆ. ಪತಂಗಕ್ಕೆ ರೆಕ್ಕೆ ಬಂದ ಮೇಲೆ ಉಳಿಯುವುದು ಕೆಲವೇ ದಿನ. ಅಷ್ಟರಲ್ಲಿ ಜೋಡಿ ಹುಡುಕಿ, ಕತ್ತಲಲ್ಲಿ ವಾಸನೆ ಹಿಡಿದು ಹೋಗಿ, ಮೊಟ್ಟೆ ಇಡಬೇಕು. ಹಾರಬಲ್ಲ ಪತಂಗವೇ ಗೆಲ್ಲಬೇಕಿತ್ತು ಅನ್ನಿಸುತ್ತದೆ. ಗೆಲ್ಲುವುದು ಮಾತ್ರ ಹುಲ್ಲು.

ಹಸಿ ಹುಲ್ಲು ಕೊಯ್ದಾಗ ಮೂಗಿಗೆ ಒಂದು ವಾಸನೆ ಬಡಿಯುತ್ತದಲ್ಲ, ಆ ಬಗೆಯ ವಾಸನೆಯನ್ನು ನೇಪಿಯರ್ ಮುಸ್ಸಂಜೆ ಕಳೆದ ಕೂಡಲೇ ಜಾಸ್ತಿ ಬಿಡುತ್ತದೆ. ಪತಂಗ ಮೊಟ್ಟೆಗೆ ಜಾಗ ಹುಡುಕುವ ಹೊತ್ತೂ ಅದೇ. ಪಕ್ಕದಲ್ಲೇ ಮೆಕ್ಕೆಜೋಳ ಇದ್ದರೂ ಹುಲ್ಲಿಗೆ ಒಲಿಯುತ್ತದೆ. ಮೊಟ್ಟೆಯೊಡೆದ ಮರಿಗಳು ಕಾಂಡ ಕೊರೆಯಲು ಹೋದರೆ ಹುಲ್ಲು ಅಂಟು ರಸ ಒಸರುತ್ತದೆ. ಮರಿಗಳು ಅದರಲ್ಲೇ ಸಿಕ್ಕಿಕೊಳ್ಳುತ್ತವೆ. ಹತ್ತರಲ್ಲಿ ಸುಮಾರು ಎಂಟು ಸಾಯುತ್ತವೆ. ತಾಯಿ ಪತಂಗಕ್ಕೆ ಇದು ತಿಳಿಯುವುದೇ ಇಲ್ಲ. ಮೊಟ್ಟೆ ಇಟ್ಟು ಅದು ಆಗಲೇ ಹೋಗಿರುತ್ತದೆ.

ಕೀನ್ಯಾದ ಇಸಿಪೆ ಎಂಬ ಕೀಟ ಸಂಶೋಧನಾ ಕೇಂದ್ರದಲ್ಲಿ ಭಾರತ ಮೂಲದ ವಿಜ್ಞಾನಿ ಝಿಯಾವುರ್ ಖಾನ್ ಮತ್ತು ಸಂಗಡಿಗರು 1990ರ ದಶಕದಲ್ಲಿ ಈ ಗುಣವನ್ನು ಹೊಲಕ್ಕೆ ತಂದರು. ಮೆಕ್ಕೆಜೋಳದ ಸುತ್ತ ನೇಪಿಯರ್ ಬೇಲಿ. ಸಾಲುಗಳ ನಡುವೆ, ಪತಂಗವನ್ನು ದೂರ ಇಡಲೆಂದು, ಡೆಸ್ಮೋಡಿಯಂ ಎಂಬ ದ್ವಿದಳ ಗಿಡ. ಇದಕ್ಕೆ ಪುಶ್-ಪುಲ್, ಅಂದರೆ ತಳ್ಳು-ಸೆಳೆ, ಎಂದು ಹೆಸರು. ವಿಷ ಸಿಂಪಡಿಸಲು ದುಡ್ಡಿಲ್ಲದ ಸಣ್ಣ ರೈತರಿಗೆ ಇದು ದೊಡ್ಡ ಆಸರೆ. ನನಗಂತೂ ಬಹಳ ಹಿಡಿಸಿದ್ದು ಇನ್ನೊಂದು ವಿಷಯ. ಇಲ್ಲಿ ಬಲೆಗೆಂದು ಜಾಗ ಸುಮ್ನೆ ದಂಡವಾಗುವುದಿಲ್ಲ. ಬೇಲಿಯ ಹುಲ್ಲು ಬಲಿತಾಗ ಕೊಯ್ದು ಹಸುವಿಗೆ ಹಾಕುತ್ತಾರೆ. ಕೆಲವು ದಿನಕ್ಕೆ ಅದು ಮತ್ತೆ ಚಿಗುರುತ್ತದೆ, ಸಂಜೆಯಾದರೆ ಮತ್ತೆ ವಾಸನೆ ಬಿಡುತ್ತದೆ.